ಮುಂದಕ್ಕೆ ನೂಕಿದರೆ ಮೇಲಕ್ಕೆ

ಜೂನ್ 6

ಕಡ್ಡಿ,

ನೀನು ಬಸ್ಸು ಹತ್ತಿ ಮೂರು ದಿನವಾಯಿತು. ಈ ಮೂರು ದಿನದಲ್ಲಿ ನಿನ್ನಮ್ಮ ನಿನ್ನ ಹಾಸಿಗೆಯನ್ನು ನಾಲ್ಕು ಸಲ ಕೊಡವಿದ್ದಾಳೆ. ಕೇಳಿದರೆ ಧೂಳು ಅನ್ನುತ್ತಾಳೆ. ಮಲಗುವವರೇ ಇಲ್ಲದ ಹಾಸಿಗೆಗೆ ಎಲ್ಲಿಯ ಧೂಳು. ಮೇಲೆ ಎಲ್ಲಾದರೂ ವಿಮಾನದ ಸದ್ದಾದರೆ ಒಲೆಯ ಉರಿ ಸಣ್ಣ ಮಾಡಿ, ಸೌಟು ಹಿಡಿದು ನಿಂತುಬಿಡುತ್ತಾಳೆ. ಸದ್ದು ಪೂರ್ತಿ ಹೋದ ಮೇಲೆ ಉರಿ ದೊಡ್ಡದು ಮಾಡುತ್ತಾಳೆ. ಅವಳಿನ್ನೂ ಪುಸ್ತಕ ಓದ್ತಿದಾಳೆ ಕಣೇ, ವಿಮಾನ ಮುಟ್ಟಿಲ್ಲ ಎಂದು ಹೇಳಿ ನೋಡಿದೆ. "ಮುಟ್ಟೋ ದಿನ ಬರತ್ತಲ್ಲ, ಈಗಿಂದ್ಲೇ ರೂಢಿ ಮಾಡ್ಕೋತಿದೀನಿ" ಅಂದಳು.

ನನಗೆ ಹೆದರಿಕೆ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆ ಬಂದಾಗಲೆಲ್ಲ ಮೇಜಿನ ಮೇಲಿರುವ ನಮ್ಮ ಕೋಲನ್ನು ನೋಡುತ್ತೇನೆ. ವಿಮಾನ ಶಾಲೆಯಲ್ಲಿ ಸೀಟು ಸಿಕ್ಕಿದ ದಿನ ನೀನು ಊಟ ಬಿಟ್ಟು ಕೂತಿದ್ದೆ, ನೆನಪಿದೆಯಾ. "ಅಪ್ಪ, ಕೈ ಎಲ್ಲಿಡಬೇಕು ಅಂತಾನೂ ನಂಗೆ ಗೊತ್ತಿಲ್ಲ" ಅಂದೆ. ಹಾಗಿದ್ದರೆ ಕೈಗೆ ಮನೆಯಲ್ಲೇ ಪಾಠ ಮಾಡಿಸೋಣ ಅಂದೆ ನಾನು. ಕಂಪ್ಯೂಟರಿನಲ್ಲಿ ವಿಮಾನದ ಆಟ ಇತ್ತು, ಅದನ್ನು ನಡೆಸುವ ಕೋಲು ಇರಲಿಲ್ಲ. ಇಪ್ಪತ್ತೆರಡು ವರ್ಷ ಸರಕಿನ ಯಾರ್ಡಿನಲ್ಲಿ ಕ್ರೇನಿನ ಲಿವರ್ ಹಿಡಿದವನಿಗೆ ಒಂದು ಕೋಲು ಮಾಡುವುದು ಯಾವ ಮಹಾ ಎಂದುಕೊಂಡೆ. ನಾಲ್ಕು ವಾರ ಹಿಡಿಯಿತು. ಹಿಡಿಗೆ ಸೈಕಲ್ಲಿನ ಹ್ಯಾಂಡಲ್ ತುದಿ, ಬುಡಕ್ಕೆ ನಿನ್ನ ಉದ್ದಮಾಮ ಕೊರೆದುಕೊಟ್ಟ ಮರದ ಪೆಟ್ಟಿಗೆ, ಬಿಟ್ಟರೆ ತಾನಾಗಿ ನಡುವಿಗೆ ಬರಲಿ ಎಂದು ನಿನ್ನಮ್ಮನ ಹೊಲಿಗೆ ಯಂತ್ರದ ಸ್ಪ್ರಿಂಗು. ಆ ಸ್ಪ್ರಿಂಗನ್ನು ಅವಳು ಇನ್ನೂ ಹುಡುಕುತ್ತಿದ್ದಾಳೆ, ಬಾಯಿ ಬಿಡಬೇಡ. ರೇಡಿಯೋ ರಿಪೇರಿಯವನು ಮೊದಲು ಕೊಟ್ಟ ವಾಲ್ಯೂಮ್ ನಾಬು ಅರ್ಧ ದೂರ ನಿದ್ದೆ ಮಾಡಿ ಆಮೇಲೆ ಒಮ್ಮೆಲೇ ಎದ್ದು ಕುಣಿಯುತ್ತಿತ್ತು. ಸಮನಾಗಿ ತಿರುಗುವ ಬೇರೆ ಜೋಡಿ ತಂದು ಬೆಸುಗೆ ಹಾಕಿದೆ, ಒಂದು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಕ್ಕೆ. ಮೊದಲ ಸಲ ಕೋಲನ್ನು ಮುಂದಕ್ಕೆ ನೂಕಿದಾಗ ಪರದೆಯ ಮೇಲೆ ವಿಮಾನ ಮೂಗೆತ್ತಿ ಹೊರಟಿತಲ್ಲ, ನೀನು ನನ್ನ ಹೆಗಲು ಹಿಡಿದು ಕುಣಿದೆ.

ಎರಡು ತಿಂಗಳು ದಿನವೂ ಕೂತು ಕಲಿತೆ. ಹೋಗುವ ಹೊತ್ತಿಗೆ ಮಾತಾಡುತ್ತಾ ಮಾತಾಡುತ್ತಾ ವಿಮಾನ ಇಳಿಸುತ್ತಿದ್ದೆ. ಆ ಕೈ ನಿನ್ನ ಜೊತೆಗೇ ಬಂದಿದೆ. ನನಗೆ ಅದೊಂದೇ ಧೈರ್ಯ.

ನಾನು ಈಗಲೂ ಯಾರ್ಡಿನ ಉಗ್ರಾಣದಲ್ಲೇ ಇದ್ದೇನೆ, ಬೋಲ್ಟು ನಟ್ಟು ಎಣಿಸಿ ಕೊಡುತ್ತೇನೆ. ಮತ್ತೆ ಕ್ರೇನು ಹತ್ತು ಎಂದು ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಉದ್ದಮಾಮ ಸಂಜೆ ಊರುಗೋಲು ಊರಿಕೊಂಡು ಬಂದು ನಮ್ಮ ಕೋಲು ಹಿಡಿದು ಪರದೆಯ ಮೇಲೆ ಒಂದು ಸುತ್ತು ಹಾರಿ ಹೋಗುತ್ತಾನೆ. "ಕಾಲು ಹೋದ್ರೆ ಹೋಯ್ತು, ರೆಕ್ಕೆ ಬಂತಲ್ಲ" ಅನ್ನುತ್ತಾನೆ. ಅವನು ಹಾಗೆ ಅಂದಾಗ ನಾನು ಏನೋ ಕೆಲಸವಿದ್ದವನ ಹಾಗೆ ಒಳಗೆ ಎದ್ದು ಹೋಗುತ್ತೇನೆ.

ನಿನ್ನ ಅಪ್ಪ


ಜೂನ್ 25

ಅಪ್ಪ,

ಹಾಸ್ಟೆಲಿನಲ್ಲಿ ಇರುವುದು ಒಂದೇ ಫೋನು, ಅದೂ ವಾರ್ಡನ್ ಮೇಜಿನ ಮೇಲೆ, ಅವರ ಕಿವಿಯ ಹತ್ತಿರ. ಅಲ್ಲಿ ಏನು ಮಾತಾಡಲಿ. ಕಾಗದವೇ ವಾಸಿ.

ಇನ್ನೂ ಕೋಲಿನ ಪಾಠ ಬಂದಿಲ್ಲ. ಮೋಡ, ಗಾಳಿ, ರೇಡಿಯೋದಲ್ಲಿ ಮಾತಾಡುವ ರೀತಿ, ಇಷ್ಟೇ. ನಮಗೆ ಕಲಿಸುವವರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಗಟ್ಟಿಯಾಗಿ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ, ಅದಕ್ಕಿಂತ ಬೈದರೇ ಮೇಲು. ನಿನ್ನೆ ಒಬ್ಬಳು ಗಂಟು ಮೂಟೆ ಕಟ್ಟಿಕೊಂಡು ಮನೆಗೆ ಹೋದಳು. ಯಾಕೆಂದು ಯಾರೂ ಕೇಳಲಿಲ್ಲ. ಅವಳ ಮಂಚದ ಮೇಲೆ ಈಗ ನಮ್ಮೆಲ್ಲರ ಒದ್ದೆ ಟವೆಲ್ಲು.

ಕಿಟಕಿಯಿಂದ ವಿಮಾನ ನಿಲ್ಲಿಸುವ ಶೆಡ್ಡು ಕಾಣುತ್ತದೆ. ಹತ್ತಿರದಿಂದ ನೋಡಿದರೆ ವಿಮಾನ ತೀರಾ ತೆಳ್ಳಗಿನ ತಗಡು ಅಪ್ಪ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಅದನ್ನು ಅಮ್ಮನಿಗೆ ಓದಬೇಡ. ಬೆಳಿಗ್ಗೆ ಎದ್ದ ಕೂಡಲೇ ನನಗೆ ಆ ತಗಡೇ ನೆನಪಾಗುತ್ತದೆ. ಆಗ ಮೊಣಕಾಲ ನಡುವೆ ಕೋಲಿದೆ ಎಂದು ಅಂದುಕೊಂಡು ಕಣ್ಣು ಮುಚ್ಚಿ ಒಂದು ಸಲ ಇಳಿಸುತ್ತೇನೆ. ಸ್ವಲ್ಪ ಸಮಾಧಾನವಾಗುತ್ತದೆ.

ಕಡ್ಡಿ


ಜುಲೈ 14

ಅಪ್ಪ,

ಹಾರಿದೆ. ಆರು ಸಲವಾಯಿತು. ಪಕ್ಕದಲ್ಲಿ ಕ್ಯಾಪ್ಟನ್ ಇರುತ್ತಾರೆ, ಅವರ ಮುಂದೆಯೂ ಒಂದು ಕೋಲಿರುತ್ತದೆ.

ನಮ್ಮ ಕೋಲಿನಿಂದ ತುಂಬಾ ಉಪಯೋಗವಾಯಿತು.

ಒಂದು ಕೇಳಬೇಕಿತ್ತು. ಯಾರ್ಡಿಗೆ ಆ ಹೊಸ ಹಳದಿ ಕ್ರೇನು ಬಂದಾಗ ಅದರ ಲಿವರುಗಳು ಹಳೆಯದರ ಹಾಗೇ ಇದ್ದವಾ? ಬೇರೆ ಇದ್ದಿದ್ದರೆ ನಿನ್ನ ಕೈಗೆ ಹೊಸದು ಒಗ್ಗಲು ಎಷ್ಟು ದಿನ ಬೇಕಾಯಿತು? ಸುಮ್ಮನೆ ಕೇಳುತ್ತಿದ್ದೇನೆ. ಅಮ್ಮನಿಗೆ ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳು.

ಕಡ್ಡಿ


ಜುಲೈ 26

ಕಡ್ಡಿ,

ಆರು ಸಲ! ನಿನ್ನಮ್ಮನಿಗೆ ಎರಡು ಸಲ ಎಂದು ಹೇಳಿದ್ದೇನೆ. ಉಳಿದ ನಾಲ್ಕನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇನೆ.

ಇಲ್ಲಿ ಒಂದು ತಮಾಷೆಯಾಯಿತು. ನಮ್ಮ ಕೋಲಿನ ಸುದ್ದಿ ಕೇಳಿ ರೇಡಿಯೋ ರಿಪೇರಿಯವನು ಗಿರಾಕಿಯೊಬ್ಬನ ಕೋಲು ತಂದುಕೊಟ್ಟ. ಕಂಪನಿಯದು, ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ತಂತಿ ಕಿತ್ತಿತ್ತು, ಬೆಸೆದೆ. ಪರೀಕ್ಷೆ ಮಾಡೋಣ ಎಂದು ಹಾರಿಸಿ ಮುಂದಕ್ಕೆ ನೂಕಿದರೆ ವಿಮಾನ ಮೂಗು ತಗ್ಗಿಸಿ ನೇರ ನೆಲಕ್ಕೆ. ಅಷ್ಟು ದೊಡ್ಡ ಕಂಪನಿ, ಮೇಲೆ ಕೆಳಗೆ ತಿಳಿಯದೆ ಉಲ್ಟಾ ಮಾಡಿಟ್ಟಿದ್ದಾರೆ. ಉದ್ದಮಾಮ ಬಿದ್ದು ಬಿದ್ದು ನಕ್ಕ. "ಮೇಲಿನ ಹೆಸರು ನೋಡಿ ಮಾಲು ತಗೋಬಾರದು" ಅಂದ. ಒಳಗಿನ ತಂತಿಯನ್ನು ನಾಬಿನ ಈ ಕಾಲಿನಿಂದ ತೆಗೆದು ಆ ಕಾಲಿಗೆ ಹಾಕಿ ಸರಿಮಾಡಿ ಕೊಟ್ಟೆ.

ನಿನಗೂ ಒಂದು ಹೊಸದು ಮಾಡಿ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಹಾಸ್ಟೆಲಿನಲ್ಲಿ ಕಂಪ್ಯೂಟರ್ ಇದೆ ಎಂದಿದ್ದೆಯಲ್ಲ. ದಿನಕ್ಕೆ ಒಂದು ಗಂಟೆ ಕೂತುಕೋ, ಕೈ ಮರೆಯಬಾರದು.

ಕ್ರೇನಿನ ವಿಷಯ ಬಿಡು. ಅದರ ಮಾತು ಈಗ ಯಾಕೆ.

ನಿನ್ನ ಅಪ್ಪ


ಆಗಸ್ಟ್ 18

ಅಪ್ಪ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ಕಂಪನಿಯ ಕೋಲು ಉಲ್ಟಾ ಇರಲಿಲ್ಲ. ನಮ್ಮದು ಉಲ್ಟಾ.

ವಿಮಾನದಲ್ಲಿ ಕೋಲನ್ನು ನಮ್ಮ ಕಡೆಗೆ ಎಳೆದರೆ ಮೇಲೆ ಹೋಗುತ್ತದೆ, ಮುಂದಕ್ಕೆ ನೂಕಿದರೆ ಕೆಳಗೆ. ಎಲ್ಲ ವಿಮಾನದಲ್ಲೂ ಹಾಗೇ. ಮೊದಲ ದಿನವೇ ಗೊತ್ತಾಯಿತು. ನಿನಗೆ ಹೇಳಲಿಲ್ಲ. ಯಾರ್ಡಿನ ಆ ಅಪಘಾತದ ನಂತರ ನೀನು ಯಾವ ಕೆಲಸಕ್ಕೂ ಮನಸ್ಸು ಕೊಟ್ಟು ಕೂತಿರಲಿಲ್ಲ, ಈ ಕೋಲಿಗೆ ಮಾತ್ರ ಕೂತೆ. ಬೆಸುಗೆ ಹಾಕುತ್ತಾ ನೀನು ಸಿಳ್ಳೆ ಹಾಕಿದ್ದನ್ನು ಕೇಳಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನೋಡಿದ್ದಳು. ಹೇಗೆ ಹೇಳಲಿ. ಏನು ಮಹಾ, ತಿದ್ದಿಕೊಂಡರಾಯಿತು ಎಂದುಕೊಂಡೆ. ತಲೆಯಲ್ಲಿ ತಿದ್ದಿಕೊಂಡೆ ಕೂಡ. ಮೇಲಿದ್ದಾಗ ಏನೂ ತೊಂದರೆಯಿಲ್ಲ, ಎಳೆಯಬೇಕಾದಲ್ಲಿ ಎಳೆಯುತ್ತೇನೆ.

ಇಳಿಯುವಾಗ ಮಾತ್ರ. ಕೊನೆಯ ಗಳಿಗೆಯಲ್ಲಿ ನೆಲ ಎದ್ದು ಬರುತ್ತದಲ್ಲ, ಆಗ ಕೋಲನ್ನು ಮೆಲ್ಲಗೆ ಎಳೆದು ಮೂಗು ಎತ್ತಬೇಕು. ಮನೆಯಲ್ಲಿ ನಾನು ಅಲ್ಲಿ ನೂಕುತ್ತಿದ್ದೆ, ದಿನಕ್ಕೆ ಇಪ್ಪತ್ತು ಸಲ, ಎರಡು ತಿಂಗಳು. ಮೊನ್ನೆ ಗಾಳಿ ಒಮ್ಮೆ ಅಲುಗಾಡಿಸಿತು. ನನಗೆ ಭಯವಾಯಿತು. ಕೈ ನನ್ನನ್ನು ಕೇಳಲೇ ಇಲ್ಲ, ನೂಕಿಬಿಟ್ಟಿತು. ಕ್ಯಾಪ್ಟನ್ ತಮ್ಮ ಕೋಲನ್ನು ಎಳೆದುಕೊಂಡರು. ಆದರೂ ಮುಂದಿನ ಚಕ್ರ ನೆಲಕ್ಕೆ ಬಡಿದು ಹಲ್ಲೆಲ್ಲ ಕಟಕಟ ಎಂದವು. ಕೆಳಗಿಳಿದ ಮೇಲೆ ಅವರು ನನ್ನ ಬಲಗೈಯನ್ನೇ ನೋಡಿದರು. "ನಿನ್ನ ತಲೆಗೆ ಪಾಠ ಬಂದಿದೆ, ಕೈಗೆ ಬಂದಿಲ್ಲ. ಇದು ಎಲ್ಲೋ ಬೇರೆ ಕಡೆ ಕಲಿತಿರೋ ಕೈ" ಅಂದರು. ಅವರು ಹತ್ತು ದಿನ ಊರಲ್ಲಿಲ್ಲ. ಇಪ್ಪತ್ತೊಂಬತ್ತಕ್ಕೆ ಬಂದು ಒಮ್ಮೆ ನನ್ನ ಜೊತೆ ಹಾರುತ್ತಾರೆ. ಮತ್ತೆ ಹಾಗಾದರೆ ನಾನೂ ಗಂಟು ಕಟ್ಟಬೇಕು. ಆಗದಿದ್ದರೆ ಮುಂದೆ ಒಬ್ಬಳೇ ಹಾರಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿಲ್ಲ. ಒಬ್ಬಳೇ ಇದ್ದಾಗ ಆ ಕಡೆಯ ಕೋಲು ಎಳೆಯುವವರು ಯಾರು.

ಈಗ ನಾನು ಕೈಯನ್ನು ದಿಂಬಿನ ಅಡಿಯಲ್ಲಿಟ್ಟು ಮಲಗುತ್ತೇನೆ, ನಗಬೇಡ. ನೀನು ಕಳಿಸಿದ ಪಾರ್ಸೆಲ್ಲು ಮಂಚದ ಕೆಳಗಿದೆ. ಬಿಚ್ಚಿಲ್ಲ.

ನಮ್ಮ ಕೋಲು ನಿನ್ನ ಹಳೆಯ ಕ್ರೇನಿನ ಹಾಗೆ ಅಲ್ಲವಾ, ನೂಕಿದರೆ ಮೇಲೆ? ಹೊಸ ಕ್ರೇನು ಬೇರೆ ಇದ್ದಿದ್ದರೆ ನೀನು ಇದನ್ನು ದಾಟಿದ್ದೀಯ. ಹೇಗೆ ದಾಟಿದೆ ಎಂದು ಹೇಳು. ಬೇರೆ ಯಾರನ್ನು ಕೇಳಲಿ.

ಕಡ್ಡಿ


(ತಂತಿ ಸಂದೇಶ)

ಆಗಸ್ಟ್ 23

ಕಾಗದ ತಲುಪುವವರೆಗೆ ಹಾರಬೇಡ. ಅಪ್ಪ.


ಆಗಸ್ಟ್ 23

ಮಗಳೇ,

ದಾಟಲಿಲ್ಲ. ನಿನ್ನ ಪ್ರಶ್ನೆಗೆ ಅದೇ ಉತ್ತರ.

ಕೋಲಿಗೆ ತಂತಿ ಹಾಕುವಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಮುಂದಕ್ಕೆ ನೂಕಿದರೆ ಮೇಲೆ ಹೋಗಬೇಕು, ಇದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಹತ್ತೊಂಬತ್ತು ವರ್ಷ ಹಳೆಯ ಕ್ರೇನು ನನಗೆ ಕಲಿಸಿದ್ದು ಅದೇ. ಆ ಗಿರಾಕಿ ನಿನ್ನೆ ಕೋಲನ್ನು ತಂದು ಅಂಗಡಿಯ ಮೇಜಿನ ಮೇಲೆ ಕುಕ್ಕಿ ಹೋದನಂತೆ. ನಾನು ಅವನಿಗೇ ಬುದ್ಧಿಯಿಲ್ಲ ಎಂದುಕೊಂಡೆ. ಇವತ್ತು ನಿನ್ನ ಕಾಗದ ಬಂತು.

ಹಳದಿ ಕ್ರೇನಿನ ಲಿವರು ತಿರುಗುಮುರುಗು. ನೂಕಿದರೆ ಕೊಕ್ಕೆ ಕೆಳಗೆ, ಎಳೆದರೆ ಮೇಲೆ. ಮೂರು ದಿನಕ್ಕೆ ಕಲಿತುಬಿಟ್ಟೆ ಎಂದು ಬೀಗಿದೆ. ಮೂರು ವರ್ಷ ಒಂದು ತಪ್ಪು ಮಾಡಲಿಲ್ಲ. ಆ ಬೆಳಿಗ್ಗೆ ಕೊಳವೆಗಳ ಕಟ್ಟು ಇಳಿಸುತ್ತಿದ್ದೆ. ಅದು ತಿರುಗದ ಹಾಗೆ ಉದ್ದಮಾಮ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಕಟ್ಟಿನಿಂದ ಒಂದು ಕೊಳವೆ ಜಾರಿತು. ಅವನು ಕೈಯೆತ್ತಿ, "ಎತ್ತು, ಎತ್ತು" ಎಂದು ಕೂಗಿದ. ನಾನು ಹೆದರಿದೆ. ಕೈ ಮುಂದಕ್ಕೆ ನೂಕಿತು, ಕಟ್ಟು ನೆಲಕ್ಕೆ ಬಡಿದು ಕೊಳವೆಗಳು ಅವನ ಕಾಲ ಮೇಲೆ ಉರುಳಿದವು. ನೀನು ಬರೆದಿದ್ದೀಯಲ್ಲ, ಕೈ ನನ್ನನ್ನು ಕೇಳಲೇ ಇಲ್ಲ ಎಂದು. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ.

ವಿಚಾರಣೆಯಲ್ಲಿ ಬ್ರೇಕು ಜಾರಿತು ಎಂದು ಹೇಳಿದೆ. ಅವನು ಅಪಾಯದ ಗೆರೆಯ ಒಳಗೆ ನಿಂತಿದ್ದೂ ತಪ್ಪು ಎಂದು ಅವರು ಬರೆದುಕೊಂಡರು. ಅವನು ಗೆರೆಯ ಒಳಗೆ ನಿಂತಿರಲಿಲ್ಲ. ನಾನು ಓದಿ ನೋಡಿಯೇ ಸಹಿ ಹಾಕಿದೆ. ಅಂದಿನಿಂದ ದಿನ ಸಂಜೆ ಅವನು ನಮ್ಮ ಮನೆಗೆ ಬರುತ್ತಾನೆ, ನಾನು ಚಹಾ ಕೊಡುತ್ತೇನೆ.

ನನ್ನ ಹೆದರಿಕೆಗೆ ಅವನ ಕಾಲು ಹೋಯಿತು. ಅದೇ ಕೈಯನ್ನು ನಿನಗೆ ಕಲಿಸಿ ವಿಮಾನ ಹತ್ತಿಸಿದ್ದೇನೆ.

ಈಗ ಮಾಡಬೇಕಾದದ್ದು. ಪಾರ್ಸೆಲ್ ಬಿಚ್ಚು. ಪೆಟ್ಟಿಗೆಯ ಅಡಿಯಲ್ಲಿ ನಾಲ್ಕು ಸ್ಕ್ರೂ ಇವೆ. ಒಳಗೆ ಎರಡು ನಾಬು, ನಿನ್ನ ಕಡೆ ಇರುವುದು ಮೇಲೆ ಕೆಳಗಿನದು. ಅದಕ್ಕೆ ಮೂರು ಕಾಲು. ನಡುವಿನದನ್ನು ಮುಟ್ಟಬೇಡ. ಎಡಗಾಲಿನ ಕೆಂಪು ತಂತಿಯನ್ನು ಬಿಡಿಸಿ ಬಲಗಾಲಿಗೆ ಬೆಸೆ. ಅಷ್ಟೇ. ಶೆಡ್ಡಿನಲ್ಲಿ ಬೆಸುಗೆ ಕಡ್ಡಿ ಇದ್ದೇ ಇರುತ್ತದೆ, ಯಾರನ್ನಾದರೂ ಕೇಳು.

ಆಮೇಲೆ ಸುಮ್ಮನೆ ಕೂತು ಅಭ್ಯಾಸ ಮಾಡಬೇಡ. ನಾನು ಮಾಡಿದ ತಪ್ಪು ಅದೇ. ಹೊಸ ಕ್ರೇನನ್ನು ನಾನು ಸಮಾಧಾನದಲ್ಲಿದ್ದಾಗ ಕಲಿತೆ, ಹೆದರಿದಾಗ ಹಳೆಯದೇ ಬಂತು. ನೀನು ಹೆದರಿಕೊಂಡೇ ಕಲಿಯಬೇಕು. ನಿನ್ನ ಕೋಣೆಯವಳಿಗೆ ಹಿಂದೆ ನಿಂತು ಯಾವಾಗೆಂದರೆ ಆವಾಗ ತಟ್ಟೆ ಬಡಿಯಲು ಹೇಳು, ಕುರ್ಚಿ ಒದೆಯಲು ಹೇಳು. ಬೆಚ್ಚಿಬಿದ್ದಾಗ ಕೈ ನಿನ್ನ ಕಡೆಗೆ ಬರಬೇಕು. ಬರುವವರೆಗೂ ಬಿಡಬೇಡ.

ಬಾರದಿದ್ದರೆ ಮನೆಗೆ ಬಾ. ನಾಚಿಕೆ ಪಡಬೇಡ. ನಾಚಿಕೆ ನನ್ನದು.

ಉದ್ದಮಾಮ ಸಂಜೆ ಬಂದಾಗ ನಿನ್ನ ಕಾಗದವನ್ನು ಅವನ ಕೈಗೇ ಕೊಟ್ಟೆ. ಓದಿ ಮುಗಿಸಿದ ಮೇಲೆ ಉಳಿದದ್ದನ್ನು ಹೇಳಿದೆ. ಊರುಗೋಲು ಹುಡುಕಿಕೊಂಡು ಎದ್ದ, ಬಾಗಿಲು ಎಳೆದುಕೊಂಡು ಹೋದ. ಹದಿನಾಲ್ಕು ಮೆಟ್ಟಿಲು ಇಳಿಯುವವರೆಗೂ ಕೋಲಿನ ಸದ್ದು ಕೇಳಿಸಿತು. ಚಹಾ ಹಾಗೇ ಇದೆ.

ಅಪ್ಪ


ಸೆಪ್ಟೆಂಬರ್ 2

ಅಪ್ಪ,

ನಿನ್ನ ಕಾಗದ ಇಪ್ಪತ್ತೇಳಕ್ಕೆ ಬಂತು. ಓದಿ ನಿನ್ನ ಮೇಲೆ ತುಂಬಾ ಸಿಟ್ಟು ಬಂತು. ನನ್ನ ವಿಷಯಕ್ಕಲ್ಲ. ಉದ್ದಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಯಾರ್ಡು ತೋರಿಸಿದ ಕಾಲು ಅದು. ಒಂದು ದಿನವಿಡೀ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಪೆಟ್ಟಿಗೆ ಬಿಚ್ಚಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಿದೆ ಎಂದು ಬರೆಯುವುದಿಲ್ಲ.

ತಂತಿ ಬದಲಿಸಿದೆ. ಮೊದಲ ದಿನ ಕೋಣೆಯವಳು ತಟ್ಟೆ ಬಡಿದಾಗಲೆಲ್ಲ ವಿಮಾನ ಪುಡಿಪುಡಿ. ಮೂವತ್ತೊಂದು ಸಲ ಸತ್ತೆ. "ನಿನ್ನಿಂದ ನನ್ನ ತಟ್ಟೆ ಸೊಟ್ಟಗಾಯ್ತು ಕಣೇ" ಎಂದಳು ಅವಳು. ಇಪ್ಪತ್ತೊಂಬತ್ತಕ್ಕೆ ಕ್ಯಾಪ್ಟನ್ ಬಂದರು. ಎಲ್ಲವನ್ನೂ ಹೇಳಿಬಿಟ್ಟೆ, ಕೋಲು, ಕ್ರೇನು, ನೀನು ಹೇಳಿದ ತಟ್ಟೆ. ಮನೆಗೆ ಕಳಿಸುತ್ತಾರೆ ಎಂದುಕೊಂಡೆ. "ಹಾಗಾದ್ರೆ ಇನ್ನೂ ಎರಡು ವಾರ ತಟ್ಟೆ ಬಡಿಸ್ಕೋ" ಅಂದರು. ದಿನವೂ ಜೊತೆಗೆ ಹಾರಿಸುತ್ತಿದ್ದಾರೆ. ಅವರೂ ಈಗ ಮೇಲಿದ್ದಾಗ ಇದ್ದಕ್ಕಿದ್ದಂತೆ ಕಿವಿಯ ಹತ್ತಿರ ಕೂಗುತ್ತಾರೆ.

ಒಬ್ಬಳೇ ಹಾರುವುದು ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ. ಹತ್ತರಲ್ಲಿ ಎಂಟು ಸಲ ಕೈ ಸರಿಯಾಗಿ ಬರುತ್ತದೆ. ಉಳಿದ ಎರಡನ್ನು ಎಣಿಸುತ್ತಾ ಮಲಗುತ್ತೇನೆ.

ಉದ್ದಮಾಮ ಬಂದರಾ?

ಕಡ್ಡಿ


ಸೆಪ್ಟೆಂಬರ್ 8

ಕಡ್ಡಿ,

ಹದಿಮೂರು ದಿನ ಬರಲಿಲ್ಲ. ನಾನು ಅವನ ಬಾಗಿಲವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಹದಿನಾಲ್ಕನೇ ದಿನ ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಳಗೆ ಬಂದು ಕೂತು, ಗೋಡೆ ನೋಡುತ್ತಾ ಮಾತಾಡಿದ. "ಕೆಳಗಿಂದ ನಂಗೆ ನಿನ್ನ ಕೈ ಕಾಣ್ತಿತ್ತು. ನೀನಾಗಿ ಹೇಳ್ತೀಯೇನೋ ಅಂತ ಒಂದೂವರೆ ವರ್ಷ ಕಾದೆ. ಕೊನೆಗೆ ನೀನು ಹೇಳ್ದೆ, ನೋಡು, ಆಗ ಸಿಟ್ಟು ಬಂತು" ಅಂದ. ಚಹಾ ತಂದು ಅವನ ಮುಂದಿಟ್ಟೆ. ಕುಡಿದು, "ಮಗು ಹೇಗಿದಾಳೆ?" ಎಂದು ಕೇಳಿದ. ನಿನ್ನ ಕಾಗದ ಕೊಟ್ಟೆ. ಓದಿದವನೇ ನಿನ್ನಮ್ಮನನ್ನು ಕೂಗಿ ದೊಡ್ಡ ತಟ್ಟೆ ಕೇಳಿದ.

ಮೇಜಿನ ಕೋಲಿನ ತಂತಿಯನ್ನೂ ಬದಲಿಸಿದ್ದೇನೆ. ಈಗ ದಿನವೂ ಅವನು ನನ್ನ ಬೆನ್ನ ಹಿಂದೆ ಬಡಿಯುತ್ತಾನೆ, ನಾನು ಇಳಿಸುತ್ತೇನೆ. ನಾನು ಹಾರಿ ಆಗಬೇಕಾದದ್ದು ಏನೂ ಇಲ್ಲ. ಆದರೆ ನಿನಗೆ ಹೇಳಿದ್ದು ಆಗುವ ಮಾತೋ ಅಲ್ಲವೋ ಎಂದು ನನ್ನ ಕೈಯಲ್ಲೇ ನೋಡಬೇಕಿತ್ತು. ಐವತ್ತನಾಲ್ಕು ವರ್ಷದ ಕೈ ಇದು, ಇವತ್ತು ಹತ್ತರಲ್ಲಿ ಏಳು. ನಿನ್ನದು ಇಪ್ಪತ್ತರದ್ದು.

ಸಿಟ್ಟು ಇಟ್ಟುಕೋ. ಆದರೆ ಇಳಿದ ಮೇಲೆ ಬಂದು ಎದುರಿಗೇ ಮಾಡು.

ಅಪ್ಪ


ಸೆಪ್ಟೆಂಬರ್ 14, ಬೆಳಿಗ್ಗೆ

ಕಡ್ಡಿ,

ಇದು ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು.

ಎಂಟು ಗಂಟೆಗೆ ಯಾರ್ಡಿನ ಆಫೀಸಿಗೆ ಹೋಗಿ ಬಂದೆ. ಬ್ರೇಕು ಜಾರಲಿಲ್ಲ, ಅವನು ಗೆರೆಯ ಹೊರಗೇ ನಿಂತಿದ್ದ, ನನ್ನ ಕೈ ತಪ್ಪಿತು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಉದ್ದಮಾಮ ಜೊತೆಗೇ ಬಂದ. "ದಾರೀಲಿ ನೀನು ತಿರುಗಿಬಿಟ್ರೆ" ಅಂದ. ತಿರುಗಬೇಕು ಎಂದು ಎರಡು ಸಲ ಅನ್ನಿಸಿದ್ದು ನಿಜ. ಏನಾಗುತ್ತದೋ ಗೊತ್ತಿಲ್ಲ. ಉಗ್ರಾಣದ ಬೀಗದ ಕೈ ಸದ್ಯಕ್ಕೆ ತೆಗೆದುಕೊಂಡಿದ್ದಾರೆ.

ಹತ್ತಕ್ಕೆ ಐದು ನಿಮಿಷ. ನಿನ್ನಮ್ಮ ಇವತ್ತು ಒಲೆಯನ್ನು ಪೂರ್ತಿ ಆರಿಸಿ ನನ್ನ ಪಕ್ಕ ಬಂದು ಕೂತಿದ್ದಾಳೆ. ಸ್ಪ್ರಿಂಗಿನ ವಿಷಯ ಅವಳಿಗೆ ಮೊದಲಿಂದಲೂ ಗೊತ್ತಂತೆ. ಉದ್ದಮಾಮನ ಮಡಿಲಲ್ಲಿ ತಟ್ಟೆಯಿದೆ, ಬಡಿಯುತ್ತಿಲ್ಲ.

ಹತ್ತು.

ಹತ್ತೂ ಇಪ್ಪತ್ತು. ಈಗ ಇಳಿದಿರಬೇಕು. ಇಳಿದಿದ್ದೀಯ ತಾನೇ.

ಅಪ್ಪ


ಸೆಪ್ಟೆಂಬರ್ 14, ಮಧ್ಯಾಹ್ನ

ಅಪ್ಪ,

ತಂತಿ ಸಂದೇಶ ಕೊಟ್ಟಿದ್ದೇನೆ, ಇದಕ್ಕಿಂತ ಮೊದಲೇ ಬಂದಿರುತ್ತದೆ. ಆದರೆ ತಂತಿಯಲ್ಲಿ "ಇಳಿದೆ" ಎಂದಷ್ಟೇ ಬರೆಯಬಹುದಿತ್ತು.

ಮೇಲೆ ಹೋದಾಗ ಪಕ್ಕದ ಸೀಟು ಖಾಲಿ. ಅದರ ಮುಂದಿನ ಕೋಲು ನನ್ನ ಕೋಲಿನ ಜೊತೆ ತಾನೇ ಅಲ್ಲಾಡುತ್ತಿತ್ತು. ಅದನ್ನು ನೋಡಬಾರದು ಎಂದುಕೊಂಡರೂ ನೋಡುತ್ತಿದ್ದೆ. ಒಂದು ಸುತ್ತು ಹಾಕಿ ಇಳಿಯಲು ಬಂದೆ. ರನ್‌ವೇ ಹತ್ತಿರವಾಗಿ ಇನ್ನೇನು ಎರಡಾಳೆತ್ತರ ಇದೆ ಅನ್ನುವಾಗ ಗಾಳಿ ಕಾಲೆಳೆದ ಹಾಗೆ ವಿಮಾನ ಧಡಕ್ಕನೆ ಕುಸಿಯಿತು. ನಾನು ಕಿರುಚಿದೆ. ರೇಡಿಯೋದಲ್ಲಿ ಎಲ್ಲರಿಗೂ ಕೇಳಿಸಿದೆಯಂತೆ, ಕ್ಯಾಂಟೀನಿನಲ್ಲಿ ಈಗಲೂ ಅದರದೇ ನಗೆಯಾಟ.

ಆ ಗಳಿಗೆಯಲ್ಲಿ ನನಗೆ ನಿನ್ನ ನೆನಪಾಗಲಿಲ್ಲ, ತಟ್ಟೆ ನೆನಪಾಗಲಿಲ್ಲ, ಯಾವ ಪಾಠವೂ ನೆನಪಾಗಲಿಲ್ಲ. ಹೆದರಿಕೆ ಒಂದೇ ಇತ್ತು. ಚಕ್ರ ನೆಲ ಮುಟ್ಟಿದ್ದು, ಓಡಿದ್ದು, ನಿಂತದ್ದು ಎಲ್ಲ ಬೇರೆ ಯಾರಿಗೋ ಆದ ಹಾಗಿತ್ತು. ಕ್ಯಾಪ್ಟನ್ ಓಡಿ ಬಂದು ಬಾಗಿಲು ತೆಗೆದರು. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಆಗ ನಾನೂ ನೋಡಿದೆ.

ಕೋಲು ನನ್ನ ಹೊಟ್ಟೆಗೆ ತಾಗಿಕೊಂಡಿತ್ತು ಅಪ್ಪ. ಬಲಗೈ ಅದನ್ನು ಇನ್ನೂ ನನ್ನ ಕಡೆಗೇ ಎಳೆದು ಹಿಡಿದಿತ್ತು. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಉದ್ದಮಾಮನಿಗೆ ಇದನ್ನು ನೀನೇ ಓದಿ ಹೇಳು.

ಕಡ್ಡಿ